ಹಳದಿ ದೀಪದ ದೂರು

ಊರಿಗೆ ಹೊರಟ ದಿನವೇ ಗಾಡಿಗೆ ಜ್ವರ ಬರಬೇಕೆಂಬುದು ನಮ್ಮಂಥ ಪರಸ್ಥಳದವರ ಹಣೆಬರಹವೋ ಏನೋ! ಮರುದಿನ ಧಾರವಾಡದಲ್ಲಿ ತಂದೆಯವರ ಶ್ರಾದ್ಧ. ತಿಥಿಯೆಂಬುದು ಯಾರ ಗಾಡಿಗಾಗಿಯೂ ಕಾಯುವಂಥದಲ್ಲ.

ಪುಣೆ ಬಿಡುವ ಮುನ್ನ ಪೆಟ್ರೋಲ್ ತುಂಬಿಸಿದೆವು. ಪಂಪಿನ ನಳಿಗೆ 'ಟಕ್' ಎಂದು ತಾನಾಗಿ ನಿಂತಾಗ ಲೆಕ್ಕ ೨,೯೬೩ ರೂಪಾಯಿ. ಗುಮಾಸ್ತನ ಕಣ್ಣು ಇಂಥ ಚಿಲ್ಲರೆ ಅಂಕಿಯನ್ನು ಸಹಿಸೀತೆ? "ಮೂರು ಸಾವಿರ ಮಾಡಿಬಿಡಪ್ಪಾ" ಎಂದೆ. ಆಮೇಲೆ ಕೀಲಿ ತಿರುವಿದರೆ ಗಾಡಿ ಕೆಮ್ಮಿ, ಕೆಮ್ಮಿ, ಮೂರನೆಯ ಸಲಕ್ಕೆ ಎದ್ದಿತು. ಎದುರಿನ ಫಲಕದಲ್ಲಿ ಇಂಜಿನ್ ಚಿತ್ರದ ಹಳದಿ ದೀಪವೂ ಹತ್ತಿತು.

"ಏನ್ರೀ, ಇದ್ಯಾಕ ಹತ್ತೇದ?" ಎಂದಳು ಮನೆಯವಳು. ನನಗೆ ಗೊತ್ತಿದ್ದರಲ್ಲವೆ ಹೇಳುವುದು!

ದಾರಿಯ ಮೊದಲ ಗ್ಯಾರೇಜಿನವನು ಬಾನೆಟ್ಟನ್ನೂ ಎತ್ತದೆ, "ಇಂಜೆಕ್ಟರು, ಸೆನ್ಸರು, ಪೆಟ್ರೋಲ್ ಪಂಪು ಬದಲಿಸಬೇಕು. ಹದಿನೆಂಟು ಸಾವಿರ, ಎರಡು ದಿನ" ಎಂದ. ಹಣಕ್ಕಿಂತ ಆ ಎರಡು ದಿನ ಎದೆಗೆ ನಾಟಿತು. ದೀಪ ಮಿನುಗದೆ ಸ್ಥಿರವಾಗಿತ್ತು, ಇಂಜಿನ್ ಕಾದಿರಲಿಲ್ಲ. ದೇವರ ಮೇಲೆ ಭಾರ ಹಾಕಿ ನಿಧಾನವಾಗಿ ಸಾತಾರೆಯವರೆಗೆ ಹೋದೆವು.

ಅಲ್ಲಿ ಸಿಕ್ಕ ವೃದ್ಧ ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿದಾಗ ಪಿ ೦೪೪೧ ಎಂಬ ಸಂಖ್ಯೆ ಬಂದಿತು. ಅವನು ಒಂದೇ ಪ್ರಶ್ನೆ ಕೇಳಿದ: "ಪೆಟ್ರೋಲ್ ಹಾಕಿಸಿದ ಕೂಡಲೇ ಸ್ಟಾರ್ಟ್ ಆಗಲು ತೊಂದರೆ ಕೊಡುತ್ತದೆಯೆ?" ಹೌದು, ಹಿಂದಿನ ಎರಡು ಸಲವೂ ಹಾಗೆಯೇ ಆಗಿತ್ತು. ನಾನು ಲಕ್ಷ್ಯ ಕೊಟ್ಟಿರಲಿಲ್ಲ.

ಸಂಗತಿ ಇಷ್ಟು. ಟ್ಯಾಂಕಿನಲ್ಲಿ ಪೆಟ್ರೋಲ್ ಸದಾ ಆವಿಯಾಗುತ್ತಿರುತ್ತದೆ. ಆ ಆವಿ ಗಾಳಿಗೆ ಸೇರಿ ಊರನ್ನು ಕೆಡಿಸಬಾರದೆಂದು ಇದ್ದಿಲು ತುಂಬಿದ ಒಂದು ಡಬ್ಬಿ ಅದನ್ನು ಹೀರಿಟ್ಟುಕೊಳ್ಳುತ್ತದೆ. ಗಾಡಿ ಓಡುವಾಗ ಪರ್ಜ್ ವಾಲ್ವ್ ಎಂಬ ಪುಟ್ಟ ಬಾಗಿಲು ಆಗಾಗ ತೆರೆದು ಆವಿಯನ್ನು ಇಂಜಿನ್ನಿಗೆ ಕಳಿಸುತ್ತದೆ, ಅಲ್ಲಿ ಅದು ಉರಿದುಹೋಗುತ್ತದೆ. ಬಾಗಿಲು ತೆರೆದೇ ಉಳಿದರೆ? ಪೆಟ್ರೋಲ್ ತುಂಬಿಸುವಾಗ ಏಳುವ ಆವಿಯೆಲ್ಲ ಇಂಜಿನ್ನಿಗೆ ನುಗ್ಗುತ್ತದೆ. ಊಟ ಹೆಚ್ಚಾದವನಂತೆ ಅದು ಏಳಲಾರದೆ ಒದ್ದಾಡುತ್ತದೆ.

ವೃದ್ಧನು ತಣ್ಣಗಿನ ಇಂಜಿನ್ ಚಾಲೂ ಮಾಡಿ, ಡಬ್ಬಿಯಿಂದ ಬರುವ ಕೊಳವೆಯನ್ನು ವಾಲ್ವಿನಿಂದ ಬಿಚ್ಚಿ, ಆ ತುದಿಗೆ ಬೆರಳಿಟ್ಟ. ಆಗ ಮುಚ್ಚಿರಬೇಕಾದ ವಾಲ್ವ್ ಬೆರಳನ್ನು ಸೆಳೆಯುತ್ತಿತ್ತು. ಅದನ್ನು ಕಳಚಿ ಕೊಡವಿದರೆ ಇದ್ದಿಲಿನ ಪುಡಿ! "ಟಕ್ ಎಂದ ಮೇಲೂ ತುಂಬಿಸುತ್ತೀರಲ್ಲವೆ?" ಎಂದ. ಹೆಚ್ಚಾದ ಪೆಟ್ರೋಲ್ ಡಬ್ಬಿಗೆ ಇಳಿದು ಇದ್ದಿಲನ್ನು ಕೆಡಿಸುತ್ತದಂತೆ. ನನ್ನ ದುಂಡು ಅಂಕಿಯ ಚಟ ಹೀಗೆ ಬಯಲಾಯಿತು. ಹೊಸ ವಾಲ್ವಿಗೂ ಕೂಲಿಗೂ ಸೇರಿ ಮೊದಲಿನವನು ಹೇಳಿದ ಮೊತ್ತದ ಐದನೆಯ ಒಂದು ಪಾಲೂ ಆಗಲಿಲ್ಲ. ಪುಡಿ ಮತ್ತೆ ಬಂದರೆ ಡಬ್ಬಿಯನ್ನೂ ಬದಲಿಸಬೇಕೆಂದು ಎಚ್ಚರಿಸಿದ.

ಓದುಗರಿಗೆ ನಾಲ್ಕು ಮಾತು. ಹಳದಿ ದೀಪ ಸ್ಥಿರವಾಗಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ಗಾಬರಿ ಬೇಡ, ಬೇಗ ತೋರಿಸಿದರೆ ಸಾಕು. ಅದು ಮಿನುಗಿದರೆ ಇಂಜಿನ್ ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿದು ಸುರಕ್ಷಿತವಾದೆಡೆ ನಿಲ್ಲಿಸಿ. ಎಣ್ಣೆಯ ಅಥವಾ ಶಾಖದ ಕೆಂಪು ದೀಪವಾದರೆ ತಡಮಾಡದೆ ನಿಲ್ಲಿಸಲೇಬೇಕು. ಸಂಖ್ಯೆಯನ್ನು ಬರೆದುಕೊಳ್ಳದೆ ಅಳಿಸಗೊಡಬೇಡಿ. ದೋಷ ತೀರಿಸದೆ ದೀಪ ಆರಿಸುವುದೆಂದರೆ ದೂರಿನ ಅರ್ಜಿಯನ್ನು ಹರಿದುಹಾಕಿದಂತೆ. ಅಮೆರಿಕದಲ್ಲಿ ಮಕ್ಕಳಿರುವವರಿಗೆ ಇನ್ನೊಂದು ಮಾತು: ಅಲ್ಲಿ ೧೯೯೬ರ ಮಾದರಿಯಿಂದ ಕಾರುಗಳಿಗೆ ಇಂಥ ಸ್ವಯಂಪರೀಕ್ಷೆ ಕಡ್ಡಾಯವಾಗಿದೆ. ಟ್ಯಾಂಕಿನ ಮುಚ್ಚಳ ಸಡಿಲವಾದರೂ ದೀಪ ಹತ್ತುವುದುಂಟು. ಮೊದಲು ಅದನ್ನು ಬಿಗಿಯಾಗಿ ತಿರುವಿ ನೋಡಲಿ. ನಾಲ್ಕಾರು ಸಲ ಓಡಿಸಿದ ಮೇಲೆ ದೀಪ ತಾನೇ ಆರಬಹುದು.

ಎಲ್ಲಕ್ಕೂ ಮುಖ್ಯವಾದದ್ದು ಆ ವೃದ್ಧನ ಮಾತು: "ಸಂಖ್ಯೆ ದೂರು ಅಷ್ಟೆ ಸಾಹೇಬರೆ, ತೀರ್ಪಲ್ಲ." ಯಾವ ಕಡತ ತೆರೆಯಬೇಕೆಂಬುದನ್ನು ಅದು ಹೇಳೀತು. ಯಾರು ತಪ್ಪಿತಸ್ಥರೆಂಬುದನ್ನು ವಿಚಾರಿಸಿಯೇ ತಿಳಿಯಬೇಕು. ಇಷ್ಟು ವರ್ಷ ಕಡತಗಳ ನಡುವೆ ಕುಳಿತ ನನಗೆ ಇದನ್ನು ಒಬ್ಬ ಮೆಕ್ಯಾನಿಕ್ ಕಲಿಸಬೇಕಾಯಿತು.

ರಾತ್ರಿ ಮನೆ ಮುಟ್ಟಿದಾಗ ತಾಯಿಯವರು ಕಟ್ಟೆಯ ಮೇಲೆ ಕುಳಿತಿದ್ದರು. "ಬಂದ್ಯಾ ತಮ್ಮಾ?" ಎಂದರು, ಅಷ್ಟೆ.

ಈಗ ಪಂಪಿನಲ್ಲಿ 'ಟಕ್' ಎಂದೊಡನೆ ಸಾಕೆನ್ನುತ್ತೇನೆ. ೨,೯೬೩ ಆದರೆ ೨,೯೬೩ನ್ನೇ ಎಣಿಸಿ ಕೊಡುತ್ತೇನೆ.