ವರ್ತಕನೂ ತೆರಿಗೆಯ ಜಾಲತಾಣವೂ

ತೆರಿಗೆಯ ವ್ಯವಹಾರವೆಲ್ಲ ಜಾಲತಾಣಕ್ಕೆ ಸ್ಥಳಾಂತರಗೊಂಡ ಈ ಕಾಲದಲ್ಲಿ, ವರ್ತಕರು ಅದನ್ನು ಅಂಗೀಕರಿಸಿದುದು ಅದರ ಸೌಲಭ್ಯಕ್ಕೆ ಮನಸೋತು ಎಂದು ಅಧಿಕಾರಿವರ್ಗವು ಸಾಮಾನ್ಯವಾಗಿ ಭಾವಿಸುತ್ತದೆ. ಕಚೇರಿಗೆ ಅಲೆಯಬೇಕಾಗಿಲ್ಲ, ಗುಮಾಸ್ತರ ಮೇಜಿನೆದುರು ಕಾಯಬೇಕಾಗಿಲ್ಲವೆಂಬುದು ಸುಳ್ಳಲ್ಲ. ಆದರೆ ಅದು ಅರ್ಧಸತ್ಯವೆಂದೇ ನನ್ನ ಎಣಿಕೆ.

ಸೌಲಭ್ಯವು ನಿಜವಾಗಿಯೂ ಕೆಲಸ ಮಾಡಿದ ನಿದರ್ಶನವೊಂದು ನಮ್ಮಲ್ಲಿಯೇ ಉಂಟು. ವ್ಯಾಟ್ ಕಾಲದಲ್ಲಿ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆಯು ಇ-ಸುಗಮವನ್ನು ಜಾರಿಗೆ ತಂದು, ಸರಕು ಸಾಗಣೆಯ ಕಾಗದಕ್ಕೆ ಬದಲಾಗಿ ಗಣಕಯಂತ್ರದಿಂದಲೇ ಒಂದು ಸಂಖ್ಯೆಯನ್ನು ಪಡೆಯುವಂತೆ ಮಾಡಿದಾಗ ವರ್ತಕರು ಅದಕ್ಕೆ ಬೇಗ ಒಗ್ಗಿಕೊಂಡರು. ಏಕೆಂದರೆ ಚೆಕ್‌ಪೋಸ್ಟಿನಲ್ಲಿ ಲಾರಿ ನಿಂತಷ್ಟು ಹೊತ್ತೂ ನಷ್ಟವು ತಮ್ಮದೇ ಎಂಬುದು ಅವರಿಗೆ ಯಾರೂ ಹೇಳದೆಯೇ ಗೊತ್ತಿದ್ದಿತು.

2017ರ ಜುಲೈ 1ರಂದು ಬಂದ ಜಿಎಸ್‌ಟಿಯಲ್ಲಿ ಪ್ರೇರಕಶಕ್ತಿಯು ಬೇರೆಯದಾಯಿತು. ಮಾರಿದವನು ತನ್ನ ಬಿಲ್ಲುಗಳನ್ನು ಮುಂದಿನ ತಿಂಗಳ 11ರೊಳಗೆ ಜಿಎಸ್‌ಟಿಆರ್-1 ಎಂಬ ರಿಟರ್ನಿನಲ್ಲಿ ಏರಿಸಿದರೆ 14ರಂದು ಅವು ಕೊಂಡವನ 2ಬಿ ಪಟ್ಟಿಯಲ್ಲಿ ತೋರಿಬರುತ್ತವೆ. ಅಲ್ಲಿ ತೋರದ ಬಿಲ್ಲಿನ ತೆರಿಗೆಗೆ ಇನ್‌ಪುಟ್ ಕ್ರೆಡಿಟ್, ಎಂದರೆ ಕೊಳ್ಳುವಾಗ ತೆತ್ತ ತೆರಿಗೆಯನ್ನು ತಾನು ಕಟ್ಟಬೇಕಾದುದರಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗದೆಂಬುದು 2022ರ ಜನವರಿಯಿಂದ ಕಾನೂನೇ ಆಗಿದೆ. ಇದರ ಫಲವನ್ನು ಯಾವ ಊರಿನ ಪೇಟೆಯಲ್ಲಾದರೂ ಕಿವಿಯಾರೆ ಕೇಳಬಹುದು: “ಸ್ವಾಮಿ, ನಿಮ್ಮ ಬಿಲ್ಲು 2ಬಿಯಲ್ಲಿ ಬಂದಿಲ್ಲವಲ್ಲ, ಮೊದಲು ಅಪ್‌ಲೋಡ್ ಮಾಡಿಸಿ, ಆಮೇಲೆ ಪೇಮೆಂಟ್ ಮಾತಾಡೋಣ.” ಹತ್ತು ಮಂದಿ ಇನ್‌ಸ್ಪೆಕ್ಟರುಗಳಿಂದ ಆಗದ ಕೆಲಸವನ್ನು ಗಿರಾಕಿಯ ಈ ಒಂದು ಫೋನು ಮಾಡುತ್ತದೆ. ತೆರಿಗೆ ಕಟ್ಟದಿರುವವನು ಕದ್ದದ್ದು ಸರ್ಕಾರದ ಹಣವನ್ನಾದರೆ ಬಿಲ್ಲು ಏರಿಸದವನು ಕದ್ದದ್ದು ಗಿರಾಕಿಯ ಹಣವನ್ನು. ಇವೆರಡರಲ್ಲಿ ವರ್ತಕನಿಗೆ ಹೆಚ್ಚಿನ ನಾಚಿಕೆ ಯಾವುದರಿಂದೆಂಬುದನ್ನು ಹೇಳಬೇಕಾಗಿಲ್ಲ.

ಹಾಗೆಂದು ಸಲ್ಲಿಕೆಯಾದ ರಿಟರ್ನುಗಳನ್ನೆಣಿಸಿ ವ್ಯಾಪಾರಿಗಳು ಜಾಲತಾಣವನ್ನು ತಮ್ಮದಾಗಿಸಿಕೊಂಡರೆಂದು ಸಂತೋಷಪಡುವುದು ಆತುರವಾದೀತು. ಸಣ್ಣ ಅಂಗಡಿಗಳ ಪೈಕಿ ಬಹುಪಾಲು ಕಡೆ ಪಾಸ್‌ವರ್ಡ್ ಆಡಿಟರ ಬಳಿಯಿರುತ್ತದೆ. ತಿಂಗಳ ರಿಟರ್ನಿನ ಗಡುವಾದ 20ನೆಯ ತಾರೀಖಿನ ಸಂಜೆ ಅವರ ಕಚೇರಿಯ ಹುಡುಗ ಫೋನು ಮಾಡಿ “ಒಟಿಪಿ ಬಂತಾ ಅಣ್ಣ, ಹೇಳಿ” ಎಂದಾಗ, ಒಂದು ಕೈಯಲ್ಲಿ ಸಕ್ಕರೆ ತೂಗುತ್ತಲೇ ಆರು ಅಂಕಿಗಳನ್ನು ಓದಿಹೇಳುವುದಷ್ಟೇ ಅಂಗಡಿಯವನ ಪಾಲಿನ ಡಿಜಿಟಲ್ ಕ್ರಾಂತಿ. ಸರ್ವರು ಮಂದವಾಗಿ ತಡವಾದರೆ ದಿನದ ಲೆಕ್ಕದಲ್ಲಿ ಬೀಳುವ ವಿಳಂಬ ಶುಲ್ಕ ಮಾತ್ರ ಅವನದೇ.

ಇನ್ನು ನೇರವಾಗಿ ಬಳಕೆದಾರನಿಗೇ ಮಾರುವವನಿಗೆ ಕ್ರೆಡಿಟ್ ಕೇಳುವ ಗಿರಾಕಿಯೂ ಇಲ್ಲ. ಅವನ ವಿಷಯದಲ್ಲಿ ಉಳಿಯುವುದು ಭಯ ಮತ್ತು ವಿಶ್ವಾಸಗಳೆರಡೇ. 2025ರ ಜುಲೈಯಲ್ಲಿ ಯುಪಿಐ ಜಮೆಗಳನ್ನಾಧರಿಸಿ ನಮ್ಮ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ನೋಟಿಸುಗಳು ಹೋದಾಗ ಏನಾಯಿತೆಂಬುದನ್ನು ಎಲ್ಲರೂ ಬಲ್ಲರು: ಬೇಕರಿ, ಬೀಡಾ ಅಂಗಡಿಗಳ ಕ್ಯೂಆರ್ ಫಲಕಗಳು ಇಳಿದು “ನಗದು ಮಾತ್ರ” ಎಂಬ ಚೀಟಿಗಳು ಮೇಲೆದ್ದವು. ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ರೂಪಾಯಿಗಳ ವಹಿವಾಟು ಮೀರಿದವರು ನೋಂದಾಯಿಸಿಕೊಳ್ಳಬೇಕೆಂಬುದು ಕಾನೂನು. ಇಲಾಖೆಯು ವಿಚಾರಿಸಿದುದರಲ್ಲಿ ಅಕ್ರಮವೇನೂ ಇರಲಿಲ್ಲ. ಆದರೆ ತೆರಿಗೆಯೇ ಇಲ್ಲದ ಹಾಲು ತರಕಾರಿಗಳನ್ನು ಮಾರುವವರೂ ಬೆದರಿದರೆಂದರೆ, ತಿಳಿವಳಿಕೆಗಿಂತ ನೋಟಿಸು ಮೊದಲು ತಲುಪಿತೆಂದೇ ಅರ್ಥ.

ಆದಕಾರಣ ಇಲಾಖೆಯಲ್ಲಿ ನನ್ನ ಅರಿಕೆ ಇಷ್ಟೆ: ಯಾವ ವಸ್ತುವಿಗೆ ತೆರಿಗೆಯಿಲ್ಲ, ಮಿತಿ ಎಷ್ಟು, ರಾಜಿ ತೆರಿಗೆಯ (ಕಾಂಪೊಸಿಷನ್) ದಾರಿ ಯಾರಿಗೆ ಎಂಬುದನ್ನು ವಿವರಿಸುವ ಒಂದು ಪುಟದ ಕನ್ನಡ ಪತ್ರವು ಮೊದಲು ಅಂಗಡಿಗೆ ಹೋಗಲಿ, ಕೇಳಿದ್ದಕ್ಕೆ ಉತ್ತರಿಸಬಲ್ಲ ಅಧಿಕಾರಿಯೊಬ್ಬರು ವಾರಕ್ಕೊಂದು ದಿನ ಪೇಟೆಯಲ್ಲಿ ಕುಳಿತಿರಲಿ, ನೋಟಿಸು ಅನಂತರ ಹೊರಡಲಿ.