ಬಂದ ನೋವು, ತಂದುಕೊಂಡ ನೋವು

ಬಸದಿಯಲ್ಲಿ ಬೆಳಗಿನ ಅಭಿಷೇಕ ಮುಗಿದಿದೆ. ಗಂಧೋದಕವನ್ನು ಹಣೆಗೆ ಹಚ್ಚಿಕೊಂಡು ಹೊರಬಂದ ಶ್ರಾವಕನೊಬ್ಬ ಜಗಲಿಯ ಮೇಲೆ ಕುಳಿತು ನಿಟ್ಟುಸಿರು ಬಿಡುತ್ತಾನೆ. ಮನೆಯಲ್ಲಿ ವೃದ್ಧ ತಾಯಿ ಹಾಸಿಗೆ ಹಿಡಿದಿದ್ದಾಳೆ. ಅಂಗಡಿಯ ವ್ಯಾಪಾರ ಮೊದಲಿನಂತಿಲ್ಲ. ಸಾಲದ ಕಂತು ಮಾತ್ರ ತಿಂಗಳು ತಪ್ಪದೆ ಬಂದು ನಿಲ್ಲುತ್ತದೆ. ಯಾರಿಗೂ ಕೇಡು ಬಯಸಿದವನಲ್ಲ, ಪರ್ವದ ಉಪವಾಸ ತಪ್ಪಿಸಿದವನಲ್ಲ. ಆದರೂ ಬದುಕು ಏಕೆ ಇಷ್ಟು ಭಾರ ಎಂಬ ಪ್ರಶ್ನೆ ಅವನನ್ನು ಬಿಡದೆ ಕಾಡುತ್ತದೆ. ಈ ಪ್ರಶ್ನೆ ಅವನೊಬ್ಬನದಲ್ಲ. ನಗುಮೊಗದಿಂದ ಎದುರಾಗುವ ಅನೇಕರು ಒಳಗೊಳಗೇ ಇದೇ ಪ್ರಶ್ನೆಯನ್ನು ಹೊತ್ತು ತಿರುಗುತ್ತಿರುತ್ತಾರೆ.

ಜಿನಧರ್ಮವು ಈ ಪ್ರಶ್ನೆಯನ್ನು ಹಗುರವಾಗಿ ಕಾಣುವುದಿಲ್ಲ. ದುಃಖವೆಂಬುದು ಬರಿಯ ಭ್ರಮೆ, ಅದನ್ನು ಮರೆತುಬಿಡು ಎಂದು ಅದು ಹೇಳುವುದಿಲ್ಲ. ದುಃಖವಿದೆ, ಅದಕ್ಕೆ ಕಾರಣವಿದೆ, ಅದನ್ನು ತಗ್ಗಿಸುವ ದಾರಿಯೂ ಇದೆ ಎಂಬ ಭರವಸೆಯಿಂದಲೇ ಅದರ ಉಪದೇಶ ಆರಂಭವಾಗುತ್ತದೆ. ಆ ದಾರಿಯ ಮೊದಲ ಹೆಜ್ಜೆ, ಬಂದ ನೋವು ಯಾವುದು, ನಾವಾಗಿ ತಂದುಕೊಂಡ ನೋವು ಯಾವುದು ಎಂದು ವಿಂಗಡಿಸಿ ನೋಡುವುದು.

ಆಗಮಗಳು ಹೇಳುವ ಎಂಟು ಮೂಲಕರ್ಮಗಳಲ್ಲಿ ವೇದನೀಯವೂ ಒಂದು. ಸುಖದ ಅನುಭವ ಕೊಡುವುದು ಸಾತಾವೇದನೀಯ, ದುಃಖದ ಅನುಭವ ಕೊಡುವುದು ಅಸಾತಾವೇದನೀಯ. ಇದನ್ನು ಜೇನು ಸವರಿದ ಕತ್ತಿಯ ಅಲಗಿಗೆ ಹೋಲಿಸಲಾಗಿದೆ. ನೆಕ್ಕಿದರೆ ಸಿಹಿಯೂ ಉಂಟು, ನಾಲಗೆ ಸೀಳುವುದೂ ಉಂಟು. ಮತ್ತೊಂದು ಕರ್ಮ ಮೋಹನೀಯ. ಅದಕ್ಕೆ ಮದ್ಯದ ಹೋಲಿಕೆ. ಕುಡಿದವನಿಗೆ ದಾರಿ ಯಾವುದು, ಚರಂಡಿ ಯಾವುದು ಎಂಬ ವಿವೇಕ ಉಳಿಯದಂತೆ, ಮೋಹಕ್ಕೆ ಒಳಗಾದ ಜೀವಕ್ಕೆ ತನ್ನದು ಯಾವುದು, ತನ್ನದಲ್ಲದ್ದು ಯಾವುದು ಎಂಬ ಅರಿವು ಉಳಿಯುವುದಿಲ್ಲ. ಜ್ವರ ಬಂದಾಗ ಮೈ ಸುಡುವುದು ವೇದನೀಯದ ಕೆಲಸ. ‘ನನಗೇ ಏಕೆ ಬಂತು, ನೆರೆಮನೆಯವನಿಗೆ ಏಕೆ ಬರಲಿಲ್ಲ, ಇನ್ನು ನನ್ನ ಗತಿಯೇನು’ ಎಂದು ಮನಸ್ಸು ಸುಡುವುದು ಮೋಹನೀಯದ ಕೆಲಸ. ಮೊದಲನೆಯದು ಬಂದ ನೋವು. ಎರಡನೆಯದು ತಂದುಕೊಂಡ ನೋವು.

ಈ ವಿಂಗಡಣೆ ಬರಿಯ ಪಾಂಡಿತ್ಯದ ಮಾತಲ್ಲ. ಕೇವಲಜ್ಞಾನಿಗಳಲ್ಲಿಯೂ ಆಯುಷ್ಯವಿರುವ ತನಕ ವೇದನೀಯ ಕರ್ಮ ಉಳಿದಿರುತ್ತದೆ. ಆದರೆ ಮೋಹನೀಯವು ಸಂಪೂರ್ಣ ಕ್ಷಯವಾಗಿರುವುದರಿಂದ ಅದು ಅವರ ಶಾಂತಿಯನ್ನು ಕದಡಲಾರದು. ಬದುಕಿನ ಭಾರವೆಂದು ನಾವು ಕರೆಯುವುದರಲ್ಲಿ ಹೆಚ್ಚಿನ ಪಾಲು ಎಲ್ಲಿಂದ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸೂಚನೆ ಬೇಕಿಲ್ಲ.

ಮನಸ್ಸು ಹೀಗೆ ತನ್ನನ್ನು ತಾನೇ ಸುಟ್ಟುಕೊಳ್ಳುವ ಸ್ಥಿತಿಗೆ ಆರ್ತಧ್ಯಾನ ಎಂದು ಹೆಸರು. ಆಚಾರ್ಯ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಇದರ ನಾಲ್ಕು ಬಗೆಗಳನ್ನು ತಿಳಿಸಿದ್ದಾರೆ. ಬೇಡದ್ದು ಬಂದು ಸೇರಿದಾಗ ಅದು ಯಾವಾಗ ತೊಲಗುವುದೋ ಎಂದು ಅದನ್ನೇ ಚಿಂತಿಸುವುದು ಅನಿಷ್ಟಸಂಯೋಗ. ಪ್ರಿಯವಾದದ್ದು ಅಗಲಿದಾಗ ಅದು ಮರಳಿ ಬರಲೆಂದು ಹಂಬಲಿಸಿ ಬೇಯುವುದು ಇಷ್ಟವಿಯೋಗ. ರೋಗದ ಬಾಧೆಯಲ್ಲಿ ಬಾಧೆಯನ್ನು ಬಿಟ್ಟು ಬೇರೇನನ್ನೂ ನೆನೆಯದಿರುವುದು ವೇದನೆ. ಇಲ್ಲದ ಭೋಗಕ್ಕಾಗಿ ಮುಂದೆ ಮುಂದೆ ಆಶೆಪಡುತ್ತ ಹೋಗುವುದು ನಿದಾನ. ಕಚೇರಿಯ ಮೇಲಧಿಕಾರಿಯ ಕಠೋರ ಮಾತನ್ನು ರಾತ್ರಿ ಹಾಸಿಗೆಯವರೆಗೂ ಹೊತ್ತು ತರುವವನು, ತೀರಿಹೋದ ಪತಿಯ ಕನ್ನಡಕವನ್ನು ಕೈಯಲ್ಲಿ ಹಿಡಿದು ಕಾಲ ನಿಂತುಹೋದಂತೆ ಕುಳಿತವಳು, ಮೊಣಕಾಲ ನೋವಿನ ಸುತ್ತಲೇ ದಿನವನ್ನೆಲ್ಲ ಕಟ್ಟಿಕೊಂಡ ಹಿರಿಯರು, ಬಂಧುವಿನ ಹೊಸ ಮನೆಯನ್ನು ನೋಡಿ ಬಂದು ತನ್ನ ಮನೆಯಲ್ಲಿ ನೆಮ್ಮದಿ ಕಳೆದುಕೊಂಡವರು, ಇವರೆಲ್ಲರ ಸಂಕಟವೂ ಈ ನಾಲ್ಕರೊಳಗೆ ಬರುತ್ತದೆ.

ಅದೇ ಅಧ್ಯಾಯದಲ್ಲಿ ಸಾಂತ್ವನ ಕೊಡುವ ಮಾತೊಂದಿದೆ. ಆರ್ತಧ್ಯಾನವು ಅವ್ರತಿಗಳಲ್ಲಿ ಮಾತ್ರವಲ್ಲ, ಅಣುವ್ರತ ಪಾಲಿಸುವ ಶ್ರಾವಕರಲ್ಲಿಯೂ, ಪ್ರಮತ್ತಸಂಯತರೆಂಬ ಆರನೆಯ ಗುಣಸ್ಥಾನದ ಮುನಿಗಳಲ್ಲಿಯೂ ತಲೆದೋರಬಲ್ಲದು. ನಿದಾನವೊಂದು ಮಾತ್ರ ಆ ಮುನಿಗಳಲ್ಲಿ ಇರದು. ಸರ್ವಸಂಗ ಪರಿತ್ಯಾಗ ಮಾಡಿದವರ ಮನಸ್ಸೂ ಒಮ್ಮೊಮ್ಮೆ ಅಲುಗುವುದಾದರೆ, ಸಂಸಾರದ ನಡುವೆ ನಿಂತ ಗೃಹಸ್ಥನು ತನ್ನ ಮನಸ್ಸು ಕುಗ್ಗಿತೆಂದು ನಾಚಬೇಕಾಗಿಲ್ಲ. ಧರ್ಮಾತ್ಮನಾದವನು ಅಳಬಾರದು ಎಂಬುದು ಶಾಸ್ತ್ರದ ಮಾತಲ್ಲ. ಅಳು ಬಂದಾಗ ಅತ್ತು, ಮತ್ತೆ ಎದ್ದು ನಿಲ್ಲುವುದು ಹೇಗೆ ಎಂಬುದೇ ಶಾಸ್ತ್ರದ ಕಾಳಜಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಷ್ಟದಲ್ಲಿರುವವರ ಮನೆಗೆ ಹೋಗಿ ‘ಎಲ್ಲ ಅವರವರ ಕರ್ಮ’ ಎಂದು ಹೇಳಿ ಬರುವ ರೂಢಿ ಸಮಾಜದಲ್ಲಿದೆ. ಮಗುವನ್ನು ಕಳೆದುಕೊಂಡ ತಾಯಿಗೆ ಆ ಮಾತು ಗಾಯದ ಮೇಲೆ ಬರೆ ಎಳೆದಂತೆ. ಕರ್ಮಸಿದ್ಧಾಂತವು ತನ್ನನ್ನು ತಾನು ತಿದ್ದಿಕೊಳ್ಳಲು ಇರುವ ಕನ್ನಡಿಯೇ ಹೊರತು, ಪರರತ್ತ ಎಸೆಯಲು ಇರುವ ಕಲ್ಲಲ್ಲ. ಜೀವಗಳು ಒಂದಕ್ಕೊಂದು ಉಪಕಾರ ಮಾಡುವುದೇ ಅವುಗಳ ಧರ್ಮವೆಂದು ತತ್ತ್ವಾರ್ಥಸೂತ್ರವೇ ಐದನೆಯ ಅಧ್ಯಾಯದಲ್ಲಿ ಸಾರಿದೆ. ನೊಂದವರ ಬಳಿ ಸುಮ್ಮನೆ ಕುಳಿತು, ಒಂದು ಹೊತ್ತಿನ ಅಡುಗೆ ಮಾಡಿಟ್ಟು ಬಂದರೂ ಆ ಸೂತ್ರವನ್ನು ಪಾಲಿಸಿದಂತೆಯೇ.

ಕರ್ಮವೆಂದರೆ ಅಳಿಸಲಾಗದ ಹಣೆಬರಹವೂ ಅಲ್ಲ. ಕಟ್ಟಿದ ಕರ್ಮದ ಸ್ಥಿತಿ ಮತ್ತು ತೀವ್ರತೆ ಜೀವದ ಭಾವಗಳಿಗೆ ತಕ್ಕಂತೆ ಹೆಚ್ಚಬಹುದು, ತಗ್ಗಬಹುದು. ಅಸಾತಾವು ಸಾತಾ ಆಗಿ ಮಾರ್ಪಡುವ ಸಂಕ್ರಮಣವೂ ಉಂಟು ಎಂದು ಕರ್ಮಶಾಸ್ತ್ರ ಹೇಳುತ್ತದೆ. ನಿನ್ನೆಯ ಬಿತ್ತನೆಯ ಬೆಳೆ ಇಂದು ಎದುರಿಗಿದೆ. ಇಂದಿನ ಬಿತ್ತನೆ ಮಾತ್ರ ನಮ್ಮ ಕೈಯಲ್ಲೇ ಇದೆ. ತನಗಾಗಲಿ ಪರರಿಗಾಗಲಿ ದುಃಖ, ಶೋಕ, ಸಂತಾಪಗಳನ್ನು ಉಂಟುಮಾಡುವುದು ಹೊಸ ಅಸಾತಾವೇದನೀಯಕ್ಕೆ ಬಾಗಿಲು ತೆರೆದಂತೆ ಎಂಬುದು ಆರನೆಯ ಅಧ್ಯಾಯದ ಬೋಧೆ. ಹಾಗಾದರೆ ಉಪವಾಸ, ಕೇಶಲೋಚಗಳ ಕಷ್ಟವೂ ಬಂಧಕ್ಕೆ ಕಾರಣವೇ ಎಂಬ ಶಂಕೆಯನ್ನು ಆಚಾರ್ಯ ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡು, ಕರುಣೆಯಿಂದ ಹುಣ್ಣು ಕೊಯ್ಯುವ ವೈದ್ಯನ ದೃಷ್ಟಾಂತದಿಂದ ಪರಿಹರಿಸಿದ್ದಾರೆ. ನೋವಾಯಿತೆಂಬುದರಿಂದಲೇ ಬಂಧವಿಲ್ಲ, ನೋವಿನ ಹಿಂದೆ ಕ್ರೋಧಾದಿ ಕಷಾಯವಿದ್ದರೆ ಬಂಧ. ಕಣ್ಣೀರಿಗಿಂತಲೂ ಕಣ್ಣೀರಿನೊಳಗೆ ಬೆರೆತ ದ್ವೇಷಕ್ಕೆ ಹೆದರಬೇಕು.

ಬಂದ ನೋವನ್ನು ತಂದುಕೊಂಡ ನೋವಾಗಿ ಬೆಳೆಯಲು ಬಿಡದ ಒಂದು ಬದುಕು ಕನ್ನಡ ನೆಲದಲ್ಲಿಯೇ ಇದೆ. ಚಾಳುಕ್ಯ ಚಕ್ರವರ್ತಿ ತೈಲಪನ ಕಾಲದಲ್ಲಿ ಅತ್ತಿಮಬ್ಬೆಯ ಪತಿ ನಾಗದೇವ ಯುದ್ಧದಲ್ಲಿ ಮಡಿದ. ಅವಳ ತಂಗಿಯೂ ಸವತಿಯೂ ಆಗಿದ್ದ ಗುಂಡಮಬ್ಬೆ ಪತಿಯೊಂದಿಗೆ ಸಹಗಮನ ಮಾಡಿದಳು. ಒಂದೇ ಸಲಕ್ಕೆ ಪತಿಯೂ ಹೋದ, ಒಡಹುಟ್ಟಿದವಳೂ ಹೋದಳು. ಮಡಿಲಲ್ಲಿ ಉಳಿದವನು ಮಗ ಅಣ್ಣಿಗದೇವ. ಇಷ್ಟವಿಯೋಗವೆಂಬ ಮಾತಿಗೆ ಇದಕ್ಕಿಂತ ದಾರುಣವಾದ ಅರ್ಥ ಬೇಕೆ?

ಅತ್ತಿಮಬ್ಬೆ ಬದುಕನ್ನು ಆಯ್ದುಕೊಂಡಳು. ಮಗನನ್ನು ಬೆಳೆಸಿದಳು. ವ್ರತನಿಯಮಗಳಿಂದ ತನ್ನನ್ನು ಬಿಗಿಹಿಡಿದಳು. ಅಲ್ಲಿಗೆ ನಿಲ್ಲದೆ ತನ್ನ ಸಂಪತ್ತನ್ನು ಹೊರಗಿನವರತ್ತ ಹರಿಸಿದಳು. ಪೊನ್ನನ ಶಾಂತಿಪುರಾಣವನ್ನು ತಾಳೆಗರಿಗಳಲ್ಲಿ 1000 ಪ್ರತಿಗಳಾಗಿ ಬರೆಸಿ ಹಂಚಿದಳು. 1500 ಜಿನಬಿಂಬಗಳನ್ನು ಮಾಡಿಸಿ ಬಸದಿಗಳಿಗೆ ಕೊಟ್ಟಳು. ಅವಳ ಆಶ್ರಯದಲ್ಲಿ ರನ್ನನು 993ರಲ್ಲಿ ಅಜಿತಪುರಾಣವನ್ನು ಪೂರ್ಣಗೊಳಿಸಿದ. ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬಸದಿ ಇಂದಿಗೂ ನಿಂತಿದೆ. ಅಲ್ಲಿನ 1007ರ ಶಾಸನ ಅವಳ ದಾನಶೀಲತೆಯನ್ನು ಹೇಳುತ್ತದೆ. ದಾನಚಿಂತಾಮಣಿ ಎಂಬ ಬಿರುದು ಬಂದದ್ದು ಎಲ್ಲವನ್ನೂ ಪಡೆದು ಸುಖವಾಗಿದ್ದವಳಿಗಲ್ಲ, ಅತಿ ಪ್ರಿಯವಾದುದನ್ನು ಕಳೆದುಕೊಂಡವಳಿಗೆ. ಅಗಲಿಕೆಯ ನೋವನ್ನು ಅವಳು ಅಳಿಸಿಹಾಕಲಿಲ್ಲ. ಅದು ತನ್ನನ್ನೂ ಇತರರನ್ನೂ ಸುಡದಂತೆ ಅದಕ್ಕೊಂದು ಕೆಲಸ ಕೊಟ್ಟಳು.

ಅತ್ತಿಮಬ್ಬೆಯ ಸಂಪತ್ತು ಎಲ್ಲರಲ್ಲಿ ಇರದು. ಆದರೆ ಅವಳು ಹಿಡಿದ ದಾರಿ ಸಾಮಾನ್ಯ ಗೃಹಸ್ಥನಿಗೂ ತೆರೆದಿದೆ. ಅದರ ಮೊದಲ ಮೆಟ್ಟಿಲು ಸಾಮಾಯಿಕ. ದಿನಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಲಾಭ-ಹಾನಿ, ಸ್ತುತಿ-ನಿಂದೆಗಳ ಲೆಕ್ಕವನ್ನು ಬದಿಗಿಟ್ಟು ಸಮತೆಯಲ್ಲಿ ಕುಳಿತುಕೊಳ್ಳುವುದು. ಚಿಂತೆಗಳು ಬರುತ್ತವೆ; ಬಂದವುಗಳನ್ನು ಗದರಿಸಿ ಓಡಿಸಬೇಕಾಗಿಲ್ಲ, ಕುಳ್ಳಿರಿಸಿ ಉಪಚರಿಸಬೇಕಾಗಿಯೂ ಇಲ್ಲ. ಣಮೋಕಾರದ ಕಡೆಗೆ ಮನಸ್ಸನ್ನು ಮತ್ತೆ ಮತ್ತೆ ತಿರುಗಿಸಿದರೆ ಸಾಕು. ಪೂರ್ಣ ಅವಧಿ ಸಾಧ್ಯವಾಗದ ದಿನ ಸ್ವಲ್ಪ ಹೊತ್ತಾದರೂ ಹೀಗೆ ಕುಳಿತರೆ ಅಭ್ಯಾಸದ ಎಳೆ ಕಡಿಯುವುದಿಲ್ಲ.

ಎರಡನೆಯದು ಅನುಪ್ರೇಕ್ಷೆ. ಹನ್ನೆರಡು ಭಾವನೆಗಳಲ್ಲಿ ಮೊದಲನೆಯದಾದ ಅನಿತ್ಯವನ್ನು ಸುಖದ ಬಗ್ಗೆ ಮಾತ್ರ ಚಿಂತಿಸುವ ರೂಢಿಯಿದೆ. ಸುಖ ಅನಿತ್ಯವಾದರೆ ಈಗಿನ ಈ ಕಷ್ಟವೂ ಅನಿತ್ಯವೇ. ಅಶರಣ ಭಾವನೆ ಮೇಲುನೋಟಕ್ಕೆ ಕಠೋರವೆನಿಸುತ್ತದೆ. ಆದರೆ ರೋಗ, ಮುಪ್ಪು, ಮರಣಗಳನ್ನು ಯಾರೂ ತಡೆಯಲಾರರೆಂದು ತಿಳಿದಾಗ, ‘ನಾನು ಇನ್ನಷ್ಟು ಎಚ್ಚರವಾಗಿದ್ದರೆ ಅವರು ಉಳಿಯುತ್ತಿದ್ದರು’ ಎಂದು ತನ್ನನ್ನೇ ಹಳಿದುಕೊಳ್ಳುವ ಸಂಕಟವೂ ಸಡಿಲವಾಗುತ್ತದೆ.

ಮೂರನೆಯದು ಪರಿಗ್ರಹ ಪರಿಮಾಣ. ನಿದಾನವೆಂಬ ಆರ್ತಕ್ಕೆ ಇದೇ ಮದ್ದು. ಇಷ್ಟಿದ್ದರೆ ಸಾಕು ಎಂಬ ಗೆರೆಯನ್ನು ಕೈ ತುಂಬಿದ ಮೇಲೆ ಎಳೆಯುತ್ತೇನೆ ಎನ್ನುವವನು ಎಂದಿಗೂ ಎಳೆಯಲಾರ. ಮೊದಲೇ ಗೆರೆ ಎಳೆದುಕೊಂಡವನಿಗೆ ನೆರೆಯವನ ಸಿರಿಯು ನೆರೆಯವನ ಸಿರಿಯಾಗಿಯೇ ಕಾಣುತ್ತದೆ, ತನ್ನ ಕೊರತೆಯಾಗಿ ಕಾಣುವುದಿಲ್ಲ.

ನಾಲ್ಕನೆಯದು ಕ್ಷಮೆ. ದಶಲಕ್ಷಣ ಪರ್ವದ ಕೊನೆಗೆ ಎಲ್ಲರಲ್ಲಿ ಕ್ಷಮೆ ಕೇಳುವುದು ಸಂಪ್ರದಾಯ. ಮೊಬೈಲಿನಲ್ಲಿ ನೂರು ಮಂದಿಗೆ ಒಂದೇ ಸಂದೇಶ ಕಳಿಸುವುದು ಸುಲಭ; ವರ್ಷಗಳಿಂದ ಮಾತು ಬಿಟ್ಟ ಒಬ್ಬ ಅಣ್ಣನ ಮನೆಯ ಮೆಟ್ಟಿಲು ಹತ್ತುವುದು ಕಷ್ಟ. ಹೊತ್ತ ಭಾರ ಇಳಿಯುವುದು ಆ ಮೆಟ್ಟಿಲ ಬಳಿಯಲ್ಲೇ.

ಕೊನೆಯದಾಗಿ, ನೆರವು ಕೊಡುವುದು ಹೇಗೆ ಧರ್ಮವೋ ನೆರವು ಪಡೆಯುವುದಕ್ಕೂ ಧರ್ಮದಲ್ಲಿ ಸ್ಥಾನವಿದೆ. ಆಹಾರ, ಅಭಯ, ಔಷಧ, ಶಾಸ್ತ್ರ ಎಂದು ಚತುರ್ವಿಧ ದಾನಗಳನ್ನು ಹೇಳಿದ ಧರ್ಮವು ಹಸಿವು, ಭಯ, ರೋಗ, ಅಜ್ಞಾನಗಳಿಗೆ ಮನುಷ್ಯನೇ ಮನುಷ್ಯನಿಗೆ ಆಸರೆಯಾಗಬೇಕೆಂದು ಬಯಸಿದೆ. ರೋಗವನ್ನು ಕರ್ಮಫಲವೆಂದು ತಿಳಿದೂ ಔಷಧದಾನವನ್ನು ಪುಣ್ಯವೆಂದು ಕೊಂಡಾಡಿದೆ. ದೇಹದ ರೋಗಕ್ಕೆ ಹೇಗೋ ಮನಸ್ಸಿನ ರೋಗಕ್ಕೂ ಹಾಗೆಯೇ. ನಿದ್ರೆ ದೂರವಾಗಿ, ಅನ್ನ ಸೇರದೆ, ಬದುಕೇ ಬೇಡವೆನಿಸುವಷ್ಟು ಮನಸ್ಸು ಕುಗ್ಗಿದಾಗ ಅದನ್ನು ಮುಚ್ಚಿಟ್ಟುಕೊಳ್ಳದೆ ಮನೆಯವರಿಗೆ ಹೇಳಬೇಕು, ವೈದ್ಯರ ಬಳಿಗೆ ಹೋಗಬೇಕು. ಅಹಿಂಸೆಯ ವ್ರತ ಪರಜೀವಗಳಿಗೆ ಮಾತ್ರ ಮೀಸಲಲ್ಲ. ತನ್ನ ಜೀವವೂ ಒಂದು ಜೀವ, ಅದಕ್ಕೂ ದಯೆ ಸಲ್ಲಬೇಕು.

ಜಗಲಿಯ ಮೇಲೆ ಕುಳಿತ ಶ್ರಾವಕ ಮನೆಗೆ ಮರಳಿದಾಗ ತಾಯಿ ಹಾಸಿಗೆಯಲ್ಲಿಯೇ ಇರುತ್ತಾಳೆ, ಸಾಲದ ಕಂತೂ ಹಾಗೆಯೇ ಇರುತ್ತದೆ. ಆದರೆ ತಾಯಿಯ ಕೈ ಹಿಡಿದು ಕುಳಿತ ಹೊತ್ತಿನಲ್ಲಿ ಸಾಲವನ್ನು ನೆನೆಯದೆ, ಸಾಲದ ಲೆಕ್ಕ ಬರೆಯುವ ಹೊತ್ತಿನಲ್ಲಿ ನೆರೆಯವನ ಲಾಭವನ್ನು ನೆನೆಯದೆ ಇರಲು ಅವನು ಕಲಿತರೆ, ಹೊರಬೇಕಾದ ಭಾರ ಮಾತ್ರ ಹೆಗಲ ಮೇಲೆ ಉಳಿಯುತ್ತದೆ. ಅಷ್ಟನ್ನು ಹೊರುವ ಅನಂತವೀರ್ಯವು ಪ್ರತಿ ಜೀವದ ಸ್ವಭಾವದಲ್ಲೇ ಇದೆ ಎಂಬುದು ಜಿನರು ಕೊಟ್ಟ ಅಭಯ.