ವಿಚಾರಣೆಗೂ ಅಪ್ಪಣೆ ಬೇಕೇನ್ರಿ?

ರೈತ ಬಾಂಧವರೇ, ಪಹಣಿಗೆ ಐನೂರು ಲಂಚ ತಗೊಂಡವನನ್ನು ಲೋಕಾಯುಕ್ತ ಪೊಲೀಸರು ಕೈಯಾಗ ರೊಕ್ಕ ಇದ್ದಾಗಲೇ ಹಿಡೀತಾರೆ. ಅದಕ್ಕೆ ಯಾರ ಅಪ್ಪಣೆಯೂ ಬೇಡ. ಕಾಲುವೆ ಕಾಮಗಾರಿಯ ಸುಳ್ಳು ಬಿಲ್ಲಿಗೆ ಸಹಿ ಹಾಕಿದರೆಂದು ದೊಡ್ಡ ಸಾಹೇಬರ ಮೇಲೆ ದೂರು ಬಂದರೆ ಮಾತ್ರ ಮೊದಲು ಸರಕಾರದ ಒಪ್ಪಿಗೆ! 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ 17ಎ ಕಲಂ ಸೇರಿಸಿ ಹೀಗೆ ಮಾಡಿದರು. ಒಪ್ಪಿಗೆಗೆ ಮೂರು ತಿಂಗಳು, ಬೇಕಾದರೆ ಇನ್ನೊಂದು. ಅಷ್ಟರಾಗ ಕಡತ ಉಳಿದೀತೇ? ನಮ್ಮ ಸಾಲಕ್ಕೆ ಜಪ್ತಿ ನೋಟೀಸು ಕಳಿಸುವಾಗ ಯಾರು ನಮ್ಮ ಒಪ್ಪಿಗೆ ಕೇಳ್ಯಾರ?

ಪ್ರಾಮಾಣಿಕರ ರಕ್ಷಣೆಗೆ ಇದು ಬೇಕಂತಾರೆ. ಮೈಸೂರಿನ ಮುಡಾ ನಿವೇಶನದ ದೂರು ನೋಡಿರಿ. 2024ರ ಆಗಸ್ಟಿನಲ್ಲಿ ರಾಜ್ಯಪಾಲರು ಕೊಟ್ಟ ಒಪ್ಪಿಗೆಯ ವಿರುದ್ಧ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೈಕೋರ್ಟಿಗೆ ಹೋದರು; ಸೆಪ್ಟೆಂಬರಿನಲ್ಲಿ ಕೋರ್ಟು ಒಪ್ಪಿಗೆ ಎತ್ತಿಹಿಡಿಯಿತು. 2025ರಲ್ಲಿ ಲೋಕಾಯುಕ್ತ ಪೊಲೀಸರೇ ಸಾಕ್ಷ್ಯ ಸಾಲದೆಂದು ವರದಿ ಕೊಟ್ಟರು. ತಪ್ಪಿಲ್ಲ ಅನ್ನೋದೂ ತನಿಖೆಯಿಂದಲೇ ತಿಳೀಬೇಕಲ್ಲ?

ಒಪ್ಪಿಗೆ ಕೊಡುವ ಕೆಲಸ ಸರಕಾರದ ಕೈಯಿಂದ ತೆಗೆದು ಲೋಕಾಯುಕ್ತರಿಗೆ ಒಪ್ಪಿಸಲಿ. ಕಕ್ಕೇರಾದ ರೈತರು ಮುಂದಿನ ಸಭೆಯಲ್ಲಿ ಇದನ್ನು ಠರಾವು ಮಾಡೋಣ.